ಕರಿಬೇವಿನ ಗಿಡದಲ್ಲಿ ನಾಲ್ಕನೇ ಜ್ವರ

ತರಕಾರಿ ಅಂಗಡಿಯಲ್ಲಿ ನಾನು ಕರಿಬೇವು ಕೊಳ್ಳುವುದನ್ನು ನೀವೊಮ್ಮೆ ನೋಡಬೇಕು. ಒಂದೊಂದೇ ಎಸಳನ್ನು ಎತ್ತಿ, ಮಗುಚಿ, ಬೆಳಕಿಗೆ ಹಿಡಿದು, ಎಲೆಯ ಬೆನ್ನನ್ನೆಲ್ಲ ತಪಾಸಣೆ ಮಾಡಿ ಪಕ್ಕಕ್ಕಿಡುತ್ತೇನೆ. ಹಿಂದೆ ನಿಂತವರು ಕೆಮ್ಮುತ್ತಾರೆ. "ಹುಳ ಒಂದೂ ಇಲ್ಲ ಮೇಡಂ, ಬೆಳಿಗ್ಗೆ ತಾನೆ ಬಂದಿರೋ ಮಾಲು" ಎಂದು ಅಂಗಡಿಯವನು ಮೊದಮೊದಲು ಧೈರ್ಯ ಹೇಳುತ್ತಿದ್ದ. ಒಂದು ದಿನ ಯಾವುದೋ ಲಹರಿಯಲ್ಲಿ, "ಹುಳ ಇಲ್ವಾ? ಛೆ, ಒಂದಾದರೂ ಇದ್ದಿದ್ದರೆ ಚೆನ್ನಾಗಿತ್ತು" ಎಂದುಬಿಟ್ಟೆ. ಅವತ್ತಿನಿಂದ ಅವನು ನನ್ನೊಂದಿಗೆ ಬಹಳ ಮೆತ್ತಗೆ ಮಾತನಾಡುತ್ತಾನೆ, ಕೊತ್ತಂಬರಿ ಸೊಪ್ಪನ್ನೂ ಒಂದು ಹಿಡಿ ಹೆಚ್ಚಿಗೇ ಹಾಕುತ್ತಾನೆ. ತಲೆ ನೆಟ್ಟಗಿಲ್ಲದವರ ಮೇಲೆ ಅವನಿಗೆ ಕನಿಕರ ಇರಬೇಕು.

ಇನ್ನೂ ವಿಚಿತ್ರವೆಂದರೆ ನಮ್ಮ ಮನೆಯಲ್ಲೇ ಕರಿಬೇವಿನ ಗಿಡವಿದೆ. ಒಂದಲ್ಲ, ಬುಡದ ಬೇರಿನಿಂದ ಎದ್ದ ಮರಿಗಳೂ ಸೇರಿ ಈಗ ಮೂರು. ರಾಮನಗರದ ಆಟೋದವರಿಗೆ "ಕರಿಬೇವಿನ ಟೀಚರ್ ಮನೆ" ಎಂದರೆ ಸಾಕು, ಅಡ್ಡರಸ್ತೆ ನಂಬರು ಕೇಳದೆ ತಂದು ಬಾಗಿಲಿಗೆ ಇಳಿಸುತ್ತಾರೆ. ಮಳೆಗಾಲ, ಬೇಸಿಗೆ ಎನ್ನದೆ ಹಸಿರಾಗಿ ನಿಂತಿರುವ ಗಿಡಗಳು. ಅಂಥವನ್ನು ಹಿತ್ತಲಲ್ಲಿಟ್ಟುಕೊಂಡು ಇವಳು ಚೀಲ ಹಿಡಿದು ಕರಿಬೇವು ಕೊಳ್ಳಲು ಯಾಕೆ ಹೋಗುತ್ತಾಳೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಆದರೆ ಅದಕ್ಕೆ ನನ್ನ ಜಡೆಯಿಂದಲೇ ಶುರುಮಾಡಬೇಕು.

ನಾನು ಹುಟ್ಟಿ ಬೆಳೆದದ್ದು ಮಾಗಡಿಯಲ್ಲಿ. ನನ್ನ ಜಡೆ ಇಲಿಯ ಬಾಲದಷ್ಟಿತ್ತು. ಅದನ್ನು ಮಂಡಿಯವರೆಗೆ ಇಳಿಸುತ್ತೇನೆಂದು ಅಮ್ಮ ಪಣ ತೊಟ್ಟಿದ್ದಳು. ಅವಳಿಗೆ ಗೊತ್ತಿದ್ದ ಔಷಧಿ ಒಂದೇ, ಕರಿಬೇವು. ಸಾರಿನಲ್ಲಿ, ಮಜ್ಜಿಗೆಯಲ್ಲಿ, ಉಪ್ಪಿಟ್ಟಿನಲ್ಲಿ ಬಂದ ಎಲೆಯನ್ನೆಲ್ಲ ನಾನು ಅಗಿದು ನುಂಗಬೇಕು, ಅವಳು ನೋಡುತ್ತಾ ಕೂರುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದ ಅಪ್ಪ ಅವಳು ಅತ್ತ ತಿರುಗಿದ ಕೂಡಲೇ ತಮ್ಮ ತಟ್ಟೆಯ ಎಲೆಗಳನ್ನೂ ನನ್ನ ತಟ್ಟೆಗೆ ದಾಟಿಸಿಬಿಡುತ್ತಿದ್ದರು. ಅಪ್ಪನ ತಲೆ ಆಗಲೇ ಬೋಳಾಗಿತ್ತು. "ನೋಡಿಕೋ, ಕರಿಬೇವು ತಿನ್ನದಿದ್ದರೆ ಹೀಗಾಗುತ್ತೆ" ಎಂದು ಅಮ್ಮ ಅದನ್ನೇ ತೋರಿಸುತ್ತಿದ್ದಳು. ನಾನು ಎಲೆಗಳನ್ನು ನಾಲಿಗೆಯ ಕೆಳಗೆ ಕೂಡಿಟ್ಟುಕೊಂಡು, ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ ಉಗಿದು ಬರುತ್ತಿದ್ದೆ. ಜಡೆ ಕೊನೆಗೂ ಇಲಿಯ ಬಾಲವಾಗಿಯೇ ಉಳಿಯಿತು. ಆದರೆ ಮದುವೆಯಾಗಿ ನನ್ನದೇ ಅಡುಗೆಮನೆ ಆದ ಮೇಲೆ, ಯಾಕೋ ಏನೋ, ಸಾಸಿವೆ ಸಿಡಿದಾದ ಮೇಲೆ ಬಾಣಲೆಗೆ ಕರಿಬೇವು ಬೀಳದಿದ್ದರೆ ಅಡುಗೆ ಮಾಡಿದೆನೆಂದೇ ಅನ್ನಿಸುತ್ತಿರಲಿಲ್ಲ.

ಹಾಗಾಗಿ ಗಿಡ ನೆಡಲು ಹೊರಟೆ. ಮೊದಲನೆಯದನ್ನು ಕನಕಪುರದ ಅಕ್ಕನ ಮನೆಯಿಂದ ಬೇರುಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದೆ. ಎಂಟು ದಿನಕ್ಕೆ ಒಣಗಿತು. ಎರಡನೆಯದು ಬೈರಮಂಗಲದ ಚಿಕ್ಕಪ್ಪನ ತೋಟದ್ದು, ಹದಿನೈದು ದಿನ ತಡೆಯಿತು. ಮೂರನೆಯದಕ್ಕೆ ಓಣಿಯವರೆಲ್ಲ ಸೇರಿ ಹುಳಿ ಮಜ್ಜಿಗೆಯ ಉಪದೇಶ ಮಾಡಿದರು. ದಿನಾ ಬೆಳಿಗ್ಗೆ ಒಂದು ಚೊಂಬು ಮಜ್ಜಿಗೆ ಹೊಯ್ದೆ. ಇರುವೆ ಬಂದವು, ಬೆಕ್ಕು ಬಂತು, ಚಿಗುರು ಮಾತ್ರ ಬರಲಿಲ್ಲ. "ಅಷ್ಟು ಮಜ್ಜಿಗೆ ನನಗೆ ಕೊಟ್ಟಿದ್ದರೆ ನಾನಾದರೂ ಚಿಗುರುತ್ತಿದ್ದೆ" ಎಂದರು ನಮ್ಮ ಮನೆಯವರು. ನಾನು ಸೋತೆನೆಂದು ಒಪ್ಪಿಕೊಂಡು ಸುಮ್ಮನಾದೆ.

ನಾಲ್ಕನೆಯದನ್ನು ನೆಟ್ಟದ್ದು ಒಂದು ಪಿಕಳಾರ ಹಕ್ಕಿ. ಎಲ್ಲೋ ಕರಿಬೇವಿನ ಹಣ್ಣು ತಿಂದು ಬಂದು ನಮ್ಮ ಬಚ್ಚಲ ಗೋಡೆಯ ಮೇಲೆ ಕೂತು, ತನ್ನ ಕೆಲಸ ಮುಗಿಸಿಕೊಂಡು ಹೋಗಿತ್ತು. ಬಚ್ಚಲ ನೀರು ಹೊರಗೆ ಹರಿಯುವ ಜಾಗದಲ್ಲಿ ನಾಲ್ಕೆಲೆಯ ಸಸಿ ತಾನಾಗಿ ಎದ್ದಿತು. ಅದಕ್ಕೆ ನಾನು ಮಜ್ಜಿಗೆ ಹಾಕಲಿಲ್ಲ, ಗೊಬ್ಬರ ಹಾಕಲಿಲ್ಲ, ತಿರುಗಿಯೂ ನೋಡಲಿಲ್ಲ. ಮೂರು ವರ್ಷಕ್ಕೆ ಅದು ನನಗಿಂತ ಎತ್ತರವಾಯಿತು. ಈಗ ಬಂದವರಿಗೆಲ್ಲ "ಇದು ನಾನು ಬೆಳೆಸಿದ ಗಿಡ" ಎಂದು ತೋರಿಸುತ್ತೇನೆ. ಪಿಕಳಾರ ಎದುರಿಗೆ ಬಂದು ತಕರಾರು ಮಾಡುವುದಿಲ್ಲವಲ್ಲ.

ಅದು ಮೊದಲ ಸಲ ಹೂ ಬಿಟ್ಟಾಗ ಒಂದು ತಮಾಷೆ ನಡೆಯಿತು. ಬಿಳಿ ಹೂವಿನ ಸಣ್ಣ ಸಣ್ಣ ಗೊಂಚಲು, ಹತ್ತಿರ ಹೋದರೆ ತೆಳುವಾದ ಸಿಹಿ ವಾಸನೆ. ಊರಿನ ಜೇನುನೊಣಗಳೆಲ್ಲ ಬಚ್ಚಲ ಗೋಡೆಯ ಹಿಂದೆ ಬಂದು ಸೇರಿದ್ದವು. ಒಳಗೆ ಸ್ನಾನ ಮಾಡುತ್ತಿದ್ದ ನಮ್ಮ ಮನೆಯವರು ಆ ಗುಂಯ್ ಎನ್ನುವ ಸದ್ದು ಕೇಳಿ, ಹೊಸ ಗೀಸರ್ ಸಿಡಿಯುತ್ತದೆಂದು ಹೆದರಿ, ಮೈತುಂಬ ಸೋಪಿನೊಂದಿಗೆ ನಡುಮನೆಗೆ ಓಡಿ ಬಂದರು. ನಡುಮನೆಯಲ್ಲಿ ಪಕ್ಕದ ಮನೆಯ ಶಮೀಮ ಕರಿಬೇವು ಕೇಳಲು ಬಂದು ನಿಂತಿದ್ದಳು. ಆಮೇಲೆ ಎಷ್ಟೋ ದಿನ ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ಆಕಾಶ ನೋಡುತ್ತಿದ್ದರು.

ಈ ಶಮೀಮ ಯಾರೆಂದು ಹೇಳಬೇಕು. ನಮ್ಮ ಕಾಂಪೌಂಡಿಗೆ ಅಂಟಿಕೊಂಡಂತೆ ಅವರ ರೇಷ್ಮೆ ನೂಲು ತೆಗೆಯುವ ಶೆಡ್ಡು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳನ್ನು ಬೇಯಿಸಿ, ಒಂದೊಂದು ಗೂಡಿನಿಂದ ಎಳೆಯ ತುದಿ ಹುಡುಕಿ ತೆಗೆದು, ನಾಲ್ಕಾರು ಎಳೆ ಕೂಡಿಸಿ ರಾಟೆಗೆ ಕೊಡುವುದು ಅವಳ ಕೆಲಸ. ಕಣ್ಣಿಗೆ ಕಾಣದ ಎಳೆ ಅವಳ ಬೆರಳಿಗೆ ಕಾಣುತ್ತದೆ. ಬಿಸಿನೀರಿನಲ್ಲಿ ಬೆಂದು ಬೆಂದು ಆ ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿವೆ.

ಅತ್ತೆ ನಮ್ಮ ಮನೆಗೆ ಬಂದದ್ದು ಗಿಡ ಎರಡನೇ ಸಲ ಹೂ ಬಿಟ್ಟ ವರ್ಷ. ನಮ್ಮತ್ತೆ ನಿಂಗಮ್ಮನವರು ಹೊಂಗನೂರಿನವರು, ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವರು. ಅವರ ಮುಂದೆ ನಾನು ಮೊದಲ ವಾರದಲ್ಲೇ ಮಾನ ಕಳೆದುಕೊಂಡ ಕಥೆ ಇಡೀ ನೆಂಟರಿಷ್ಟರಿಗೆ ಗೊತ್ತು, ನಿಮಗೂ ಗೊತ್ತಿರಲಿ. ಮದುವೆಯಾಗಿ ಹೊಸದಾಗಿ ಆ ಮನೆಗೆ ಹೋಗಿದ್ದೆ. ನಡುಮನೆ ತುಂಬ ಬಿದಿರಿನ ತಟ್ಟೆಗಳು, ಅವುಗಳ ತುಂಬ ಹುಳ. ನಾನು ಯಾವುದಕ್ಕೋ ಜೋರಾಗಿ ನಕ್ಕೆ. ಅತ್ತೆ ಓಡಿ ಬಂದು ಬಾಯಿಯ ಮೇಲೆ ಬೆರಳಿಟ್ಟರು.

"ಮೆಲ್ಲಕ್ಕೆ ಕಣವ್ವ. ಹುಳಕ್ಕೆ ನಾಕನೇ ಜ್ವರ."

ಮೂರು ಸಲ ಬಂದು ಹೋದ ಜ್ವರ ಮತ್ತೆ ಮರುಕಳಿಸಿದೆ ಎಂದರೆ ಸಾಮಾನ್ಯವೇ? ಒಳಗೆ ಹೋಗಿ, ಅಮ್ಮ ಟ್ರಂಕಿನಲ್ಲಿ ಇಟ್ಟುಕೊಟ್ಟಿದ್ದ ಜ್ವರದ ಮಾತ್ರೆಗಳನ್ನು ತಂದು, "ಇದನ್ನ ಪುಡಿ ಮಾಡಿ ಎಲೆಯ ಮೇಲೆ ಉದುರಿಸಿದರೆ ಆಗುತ್ತಾ ಅತ್ತೆ?" ಎಂದು ಕೇಳಿದೆ. ಅತ್ತೆ ನನ್ನ ಮುಖ ನೋಡಿದರು, ಮಾತ್ರೆ ನೋಡಿದರು. ಹುಳದ ಮುಂದೆ ನಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿಹೋದರು. ಜಗಲಿಯಲ್ಲಿ ಅವರು ನಕ್ಕ ನಗು ನನಗಿಂತ ಮೊದಲೇ ಬಸ್ಸು ಹತ್ತಿ ಮಾಗಡಿ ಸೇರಿತು. ಹುಳ ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ರೇಷ್ಮೆಯವರ ಬಾಯಲ್ಲಿ ಅದಕ್ಕೆ ಜ್ವರ ಎಂದು ಹೆಸರು. ಒಂದು ಹುಳಕ್ಕೆ ಒಟ್ಟು ನಾಲ್ಕು ಜ್ವರ. ನಾಲ್ಕನೆಯದರಿಂದ ಎದ್ದ ಮೇಲೆ ಬಕಾಸುರನ ಹಾಗೆ ತಿಂದು, ಮೈ ಬಲಿತು 'ಹಣ್ಣಾಗಿ', ಗೂಡು ಕಟ್ಟುತ್ತದೆ. ಇದೆಲ್ಲ ನನಗೆ ಯಾರು ಹೇಳಿದ್ದರು?

ಮಂಡಿ ನೋವು ಹೆಚ್ಚಾಗಿ ಅತ್ತೆಗೆ ತಟ್ಟೆಗಳನ್ನು ಎತ್ತಿ ಇಳಿಸಲು ಆಗದಾಯಿತು. ಊರಲ್ಲಿದ್ದ ಭಾವನವರು ಹುಳ ಬಿಟ್ಟು ಹಸು ಕಟ್ಟಿದರು. "ಹುಳ ಇಲ್ದಿರೋ ಮನೇಲಿ ನಂಗೆ ಹೊತ್ತೇ ಹೋಗಾಕಿಲ್ಲ" ಎಂದು ಅತ್ತೆ ನಮ್ಮಲ್ಲಿಗೆ ಬಂದರು. ಇಲ್ಲಿ ಬಂದರೆ ಹೊತ್ತು ಹೋಗುತ್ತದೆಯೇ? ನಾನು ಶಾಲೆಗೆ, ಇವರು ಆಫೀಸಿಗೆ. ಸಂಜೆ ನಾನು ಬಂದಾಗ ಅತ್ತೆ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿರುತ್ತಿದ್ದರು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ನಿಜವಾಗಿ ಸಂಕಟವಾಗುತ್ತಿತ್ತು, ಏನು ಮಾಡಬೇಕೆಂದು ತೋಚುತ್ತಿರಲಿಲ್ಲ.

ಒಂದು ಭಾನುವಾರ ಚಿತ್ರಾನ್ನಕ್ಕೆಂದು ಕರಿಬೇವು ಕಿತ್ತು ತಂದು ಜರಡಿಯಲ್ಲಿ ತೊಳೆಯುತ್ತಿದ್ದೆ. ಎಲೆಯೊಂದರ ಮೇಲೆ ಹಕ್ಕಿಯ ಹಿಕ್ಕೆ ಅಂಟಿತ್ತು. ಉಗುರಿನಿಂದ ಕೆರೆದೆ. ಹಿಕ್ಕೆ ತಲೆ ಎತ್ತಿತು. ಎತ್ತಿದ್ದಷ್ಟೇ ಅಲ್ಲ, ನೆತ್ತಿಯಿಂದ ಕವಲು ನಾಲಿಗೆಯಂಥದ್ದೊಂದನ್ನು ಚಾಚಿ ನನ್ನನ್ನು ಹೆದರಿಸಿತು. ಕೊಳೆತ ನಿಂಬೆಹಣ್ಣಿನಂಥ ನಾತ. ನಾನು ಜರಡಿಯನ್ನು ಎಸೆದು ಕಿರುಚಿಕೊಂಡೆ. ಅತ್ತೆ ಮಂಡಿ ನೋವನ್ನು ಮರೆತು ಬಂದು, ನೆಲದ ಮೇಲೆ ಬಿದ್ದಿದ್ದ ಎಲೆಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದುಕೊಂಡರು. ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ.

"ಎಲಾ ಇವ್ನ! ಎಲ್ಡನೇ ಜ್ವರ ಈಗ ಎದ್ದೈತೆ. ಹಸ್ಕಂಡೈತೆ. ಇದ್ನ ತೊಳಿಯಾಕೆ ಹೋಗಿದ್ಯಲ್ಲೇ ಸುಮಿ!"

ಈಗ ನನ್ನ ಇನ್ನೊಂದು ಗುಟ್ಟನ್ನೂ ಹೇಳಬೇಕು. ಹದಿನೆಂಟು ವರ್ಷದಿಂದ ನಾನು ಮಕ್ಕಳಿಗೆ ಚಿಟ್ಟೆಯ ಜೀವನಚಕ್ರ ಪಾಠ ಮಾಡುತ್ತಿದ್ದವಳು. ಬೋರ್ಡಿನ ಮೇಲೆ ಮೊಟ್ಟೆ, ಹುಳ, ಕೋಶ, ಚಿಟ್ಟೆ ಎಂದು ನಾಲ್ಕು ಚಿತ್ರ ಬರೆದು, ಸುತ್ತ ಬಾಣದ ಗುರುತು ಹಾಕಿ, ಅಂದವಾಗಿ ಬರೆದವರಿಗೆ 'ಗುಡ್' ಕೊಡುತ್ತಿದ್ದವಳು. ಆ ಚಕ್ರ ನನ್ನ ಜರಡಿಯಲ್ಲೇ ಉರುಳುತ್ತಿದ್ದರೆ ನನಗೆ ಗುರುತು ಸಿಗಲಿಲ್ಲ. ಗುರುತು ಹಿಡಿದದ್ದು ಶಾಲೆಯ ಮೆಟ್ಟಿಲು ಹತ್ತದ ಅತ್ತೆ.

ಅವತ್ತಿನಿಂದ ಗಿಡ ಅತ್ತೆಯ ವಶವಾಯಿತು. ಹುಡುಕಿ ನೋಡಿದರೆ ಒಟ್ಟು ಒಂಬತ್ತು ಹುಳ. ಬಚ್ಚಲ ಗೋಡೆಯ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕಾವಲು ಕೂತರು. ಒಗ್ಗರಣೆಗೆ ಎಲೆ ಕಿತ್ತುಕೊಳ್ಳಲು ನನಗೇ ಅಪ್ಪಣೆ ಇರಲಿಲ್ಲ. ಕರಿಬೇವಿನ ಟೀಚರ್ ಮನೆಯಲ್ಲಿ ಚಿತ್ರಾನ್ನ ಬರೀ ಸಾಸಿವೆ, ಕಡಲೆಬೇಳೆಯಲ್ಲಿ ಆಯಿತು. ಇವರು ತಟ್ಟೆಯನ್ನು ಎರಡು ಸಲ ಕೆದಕಿ ನೋಡಿ, ತಮ್ಮಮ್ಮನ ಮುಖ ನೋಡಿ ತಿಂದರು. ಮಾರನೆಯ ದಿನ ನಾನು ಚೀಲ ಹಿಡಿದು ಅಂಗಡಿಗೆ ಹೊರಟೆ. ಈಗಲೂ ಹೋಗುತ್ತೇನೆ, ಅಲ್ಲೊಂದು ಹುಳ ಸಿಕ್ಕರೆ ಅತ್ತೆಗಾಯಿತೆಂದು ಹುಡುಕುತ್ತೇನೆ. ಶಮೀಮಳಿಗೂ ಅದೇ ಗತಿ.

"ಇವತ್ತು ಎಲೆ ಇಲ್ಲ ಕಣೇ ಸಮೀಮ. ಹುಳ ಮೂರನೇ ಜ್ವರಕ್ಕೆ ಕೂತವೆ" ಎಂದರು ಅತ್ತೆ.

"ಯಾವ ಹುಳ ಅಮ್ಮಾ? ರೇಷ್ಮೆ ಬಿಟ್ಬಿಟ್ರಿ ಅಂತ ಸುಮಿತ್ರಕ್ಕ ಅಂದ್ರಲ್ಲಾ?" ಎನ್ನುತ್ತಾ ಅವಳು ಬಗ್ಗಿ ನೋಡಿದಳು. ಜ್ವರ ಎಂದರೇನೆಂದು ಅವಳಿಗೆ ವಿವರಿಸಬೇಕಾಗಿರಲಿಲ್ಲ. ಎಲೆ ಕೇಳುವುದನ್ನು ಮರೆತು ಕೂತುಬಿಟ್ಟಳು. ಆಮೇಲೆ ಶೆಡ್ಡಿನ ಕೆಲಸದ ನಡುವೆ ಬಿಡುವಾದಾಗಲೆಲ್ಲ ಬರತೊಡಗಿದಳು. ಬೆಳೆಯುವವರಿಗೂ ನೂಲು ತೆಗೆಯುವವರಿಗೂ ಗೂಡಿನ ಮಾರ್ಕೆಟ್ಟಿನಲ್ಲಿ ಯಾವಾಗಲೂ ಜಟಾಪಟಿ, ಇವರಿಬ್ಬರೂ ಅದನ್ನು ನಮ್ಮ ಹಿತ್ತಲಿಗೇ ತಂದರು.

"ನಮ್ ಗೂಡ್ನೆಲ್ಲಾ ಬೇಯ್ಸಿ ಹಾಕ್ದೋರು ನೀವು" ಎಂದು ಅತ್ತೆ ಕೆಣಕುತ್ತಿದ್ದರು.

"ಬೇಯ್ಸೋಕೆ ಅಂತಾನೇ ಸಾಕಿದ್ದು ಯಾರಮ್ಮಾ?" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಹೀಗೆ ನಗುತ್ತಿದ್ದಾಗಲೇ ಒಂದು ಸಂಜೆ ಅತ್ತೆ ಇದ್ದಕ್ಕಿದ್ದಂತೆ ಗಂಭೀರವಾದರು.

"ನಲವತ್ ವರ್ಸ ಸಾಕ್ದೆ ಕಣವ್ವ. ಮಕ್ಳಿಗಿಂತ ಮುಂಚೆ ಅವಕ್ಕೆ ಸೊಪ್ಪು ಹಾಕ್ತಿದ್ದೆ. ಗೂಡು ಕಟ್ತವೆ, ಬಿಡಿಸ್ತೀವಿ, ಮಾರ್ಕೆಟ್ಗೆ ಕಳಿಸ್ತೀವಿ. ಎಲ್ಲೋ ಒಂದು ಉಳ್ಕಂಡು, ತೂತು ಮಾಡ್ಕಂಡು ಈಚೆಗೆ ಬಂದ್ರೆ ಗೂಡು ಕೆಡ್ತಲ್ಲಾ ಅಂತ ಬೈಯ್ತಿದ್ದೆ. ಆ ಚಿಟ್ಟೆಗೂ ಹಾರಾಕೆ ಬರಾಕಿಲ್ಲ. ರೆಕ್ಕೆ ಬಡ್ಕಂಡು ಅಲ್ಲೇ ಬಿದ್ದಿರ್ತದೆ. ನಾ ಸಾಕಿದ್ದು ಒಂದಾದ್ರೂ ಹಾರೋದ ಈ ಕಣ್ಣಲ್ಲಿ ನೋಡ್ಬೇಕು. ಸಾಕು, ಒಂದೇ ಒಂದು."

ಶಮೀಮ ತನ್ನ ಬಿಳಿಚಿದ ಬೆರಳುಗಳನ್ನು ನೋಡಿಕೊಂಡಳು. "ನಾನೂ ನೋಡಿಲ್ಲಮ್ಮಾ. ಇಪ್ಪತ್ತೈದು ವರ್ಷ ಆಯ್ತು ತೊಟ್ಟಿ ಮುಂದೆ ಕೂತು" ಎಂದಳು. ಹದಿನೆಂಟು ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿದ ನಾನೂ ನೋಡಿರಲಿಲ್ಲ.

ಆದರೆ ಹಾರುವುದೆಂದರೆ ಸುಲಭವೇ? ಎರಡನ್ನು ಕಣಜದ ಹುಳು ಹೊತ್ತೊಯ್ದಿತು. ಒಂದನ್ನು ಓತಿಕ್ಯಾತ ನುಂಗಿತು. ಉಳಿದವನ್ನು ಪಿಕಳಾರ ತನ್ನ ಮರಿಗಳಿಗೆಂದು ಒಂದೊಂದಾಗಿ ಒಯ್ಯತೊಡಗಿತು. ಅತ್ತೆ ಮೊದಲು ಕಲ್ಲು ಬೀರಿದರು, ಶಾಪ ಹಾಕಿದರು. "ಈ ಗಿಡ ನೆಟ್ಟಿದ್ದೇ ಪಿಕಳಾರ ಅತ್ತೆ" ಎಂದು ನಾನು ನಿಜ ಒಪ್ಪಿಕೊಂಡೆ. ಅತ್ತೆ ಕೈಯಲ್ಲಿದ್ದ ಕಲ್ಲನ್ನು ಕೆಳಗೆ ಹಾಕಿ, "ಅಂಗಾದ್ರೆ ಅದ್ಕೂ ಪಾಲೈತೆ ಬುಡು. ಮರಿ ಮಕ್ಳಿರೋ ತಾಯಿ" ಎಂದರು. ಆದರೂ ಕೊನೆಯ ಒಂದರ ಮೇಲೆ ತಮ್ಮ ಹಳೆಯ ಸೊಳ್ಳೆಪರದೆಯನ್ನು ಹರಿದು ಹೊದಿಸಿದರು.

ಆ ಒಂದು ನಾಲ್ಕನೇ ಜ್ವರಕ್ಕೆ ಕೂತಿತು. ಓಣಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರೆ ಅತ್ತೆ ಗೇಟಿನ ಬಳಿ ನಿಂತು, "ಒಸಿ ಅತ್ಲಾಗ್ ಹೋಗ್ರಪ್ಪಾ, ಜ್ವರ ಐತೆ" ಎಂದರು. ಪಾಪ, ಎದುರುಮನೆಯವರು ನಮ್ಮೆಜಮಾನರಿಗೆ ಜ್ವರವೆಂದುಕೊಂಡು ಎಳನೀರು ಕಳಿಸಿದರು. ಇವರು ಅದನ್ನು ಕುಡಿದರು. ಜ್ವರ ಎದ್ದ ಹುಳ ಹಕ್ಕಿ ಹಿಕ್ಕೆಯ ಬಣ್ಣ ಕಳಚಿ, ಎಲೆಯಷ್ಟೇ ಹಸಿರಾಗಿ, ಬೆರಳ ಗಾತ್ರ ದಪ್ಪವಾಯಿತು. ಕೆಲವು ದಿನ ಬಿಡುವಿಲ್ಲದೆ ತಿಂದು, ಆಮೇಲೆ ತಿನ್ನುವುದನ್ನು ನಿಲ್ಲಿಸಿ ಅತ್ತಿತ್ತ ಅಲೆಯಲು ಶುರುಮಾಡಿತು.

"ಹಣ್ಣಾಯ್ತು! ಚಂದ್ರಿಕೆ ಬೇಕು!" ಎಂದು ಅತ್ತೆ ಊರಿಗೆ ಫೋನು ಮಾಡಿಸಿದರು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಾಪೆ, ಸಾವಿರಾರು ಹುಳ ಹಿಡಿಯುವಂಥದ್ದು. ಅಮ್ಮನ ಮಾತು ಮೀರದ ಭಾವನವರು ಆಳೆತ್ತರದ ಚಂದ್ರಿಕೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೊಂಗನೂರಿನಿಂದ ಬಂದಿಳಿದರು. "ಎಷ್ಟು ಹುಳ ಅವ್ವ?" ಎಂದರು. "ಒಂದು" ಎಂದರು ಅತ್ತೆ. ಭಾವನವರು ಜಗಲಿಯ ಮೇಲೆ ಕೂತು ನೀರು ಕೇಳಿದರು. ಆ ಹುಳವೋ ಚಂದ್ರಿಕೆಯನ್ನು ಮೂಸಿಯೂ ನೋಡಲಿಲ್ಲ. ಕರಿಬೇವಿನ ಒಂದು ಕಡ್ಡಿಗೆ ಬಾಲ ಅಂಟಿಸಿ, ಸೊಂಟದ ಸುತ್ತ ಒಂದೇ ಒಂದು ದಾರ ಬಿಗಿದುಕೊಂಡು, ಮಾರನೆಯ ದಿನ ಹಸಿರು ಕೋಶವಾಗಿ ಕೂತಿತು.

"ಗೂಡೇ ಇಲ್ವಲ್ಲೇ! ಇಷ್ಟು ತಿಂದು ಬರೀ ಒಂದೆಳೆ ದಾರವಾ? ಸೋಂಬೇರಿ ನನ್ಮಗಂದು" ಎಂದು ಅತ್ತೆಗೆ ನಿರಾಸೆ. ಶಮೀಮ ಹತ್ತಿರದಿಂದ ನೋಡಿ, "ಎಳೆ ಗಟ್ಟಿ ಇದೆಯಮ್ಮಾ, ಒಳ್ಳೆ ನೂಲು" ಎಂದು ಸರ್ಟಿಫಿಕೇಟು ಕೊಟ್ಟಳು.

ಇನ್ನು ಕಾಯುವುದೊಂದೇ ಬಾಕಿ ಎಂದುಕೊಂಡಿದ್ದೆವು. ಆರನೆಯ ದಿನ ನಾನು ಶಾಲೆಯಿಂದ ಬಂದಾಗ ಅತ್ತೆ ಗಿಡದ ಬುಡದಲ್ಲಿ ನೆಲದ ಮೇಲೆ ಕೂತಿದ್ದರು. ಬಲಗೈ ಅಂಗೈಯಲ್ಲಿ ಆ ಕೋಶ ಇತ್ತು. ಕಡ್ಡಿಯಲ್ಲಿ ಹರಿದ ದಾರದ ತುಂಡು.

"ಕಿತ್ಬುಟ್ಟೆ ಕಣವ್ವ" ಎಂದರು.

ಆದದ್ದು ಇಷ್ಟು. ರೇಷ್ಮೆ 'ಗೂಡು ಬಿಡಿಸುವುದು', ಅಂದರೆ ಚಂದ್ರಿಕೆಯಿಂದ ಕೀಳುವುದು, ಐದು ಆರು ದಿನಕ್ಕೆ. ನಲವತ್ತು ವರ್ಷ, ಒಂದೊಂದು ಬೆಳೆಯಲ್ಲೂ, ಆರನೆಯ ದಿನ ಆ ಕೈ ಅದೇ ಕೆಲಸ ಮಾಡಿದೆ. ಪರದೆ ಸರಿಸಿ ನೋಡುತ್ತಾ, ಬೇರೇನನ್ನೋ ಯೋಚಿಸುತ್ತಾ ನಿಂತಿದ್ದಾಗ ಕೈ ತಾನಾಗಿ ಹೋಗಿ, ಎರಡು ಬೆರಳಲ್ಲಿ ಹಿಡಿದು, ಚಕ್ಕನೆ ತಿರುವಿ ಬಿಡಿಸಿಬಿಟ್ಟಿತ್ತು. "ನನ್ ಬುದ್ಧಿ ಬ್ಯಾಡ ಅನ್ನೋದ್ರೊಳ್ಗೆ ಕೈ ಬಿಡ್ಸಾಗಿತ್ತು. ಒಂದೇ ಒಂದು ಅಂತ ಬೇಡ್ಕಂಡಿದ್ದೆ, ಅದ್ನೂ ನಾನೇ…" ಅತ್ತೆ ಅತ್ತದ್ದನ್ನು ನಾನು ಮಾವನವರು ತೀರಿಕೊಂಡಾಗ ಬಿಟ್ಟರೆ ಇನ್ನೆಂದೂ ನೋಡಿರಲಿಲ್ಲ. ಕಾಂಪೌಂಡಿನ ಬಳಿ ಹೋಗಿ ಶಮೀಮಳನ್ನು ಕೂಗಿದೆ.

ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು. ಕೋಶವನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು. ಅದು ಸೊಂಟವನ್ನು ಒಂದಿಷ್ಟು ಆಡಿಸಿತು.

"ಜೀವ ಇದೆಯಮ್ಮಾ. ಅಳಬೇಡಿ. ಹರಿದಿದ್ದು ದಾರ ತಾನೆ? ದಾರ ಹರಿದ್ರೆ ಕಟ್ಟೋದು ನನ್ನ ಕೆಲಸ, ನಿಮ್ಮದಲ್ಲ."

ಶೆಡ್ಡಿನಿಂದ ಆಗತಾನೆ ತೆಗೆದ ರೇಷ್ಮೆಯ ಒಂದು ಎಳೆ ತಂದಳು. ಬಾಲದ ತುದಿಯನ್ನು ಅಂಟಿಸಲು ಗೋಂದು ಬೇಕೆಂದಳು. ನನ್ನ ಚೀಲದಲ್ಲಿ ಮಕ್ಕಳ ಚಾರ್ಟಿಗೆಂದು ಇಟ್ಟುಕೊಂಡಿದ್ದ ಗೋಂದಿನ ಬಾಟಲಿ ಇತ್ತು. ಈ ಇಡೀ ವ್ಯವಹಾರದಲ್ಲಿ ನನ್ನಿಂದ ಆದ ಉಪಕಾರ ಅದೊಂದೇ. ನಾನು ಕಡ್ಡಿ ಹಿಡಿದೆ. ಅವಳು ಉಸಿರು ಬಿಗಿಹಿಡಿದು, ಮೊದಲು ದಾರ ಇದ್ದ ಗೆರೆಯಲ್ಲೇ, ಬಿಗಿಯಾಗದಂತೆ ಸಡಿಲಾಗದಂತೆ ಒಂದು ಸುತ್ತು ಸುತ್ತಿ ಗಂಟು ಹಾಕಿದಳು. ಆ ಗಂಟು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಗೂಡಿನಿಂದ ದಾರ ಬಿಚ್ಚುವುದನ್ನೇ ಕಲಿತ ಬೆರಳುಗಳು ಮೊದಲ ಸಲ ಒಂದು ಹುಳಕ್ಕೆ ದಾರ ಕಟ್ಟಿದ್ದವು.

ಅವತ್ತಿನಿಂದ ಅತ್ತೆ ಗಿಡದ ಹತ್ತಿರ ಹೋದರೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಏಳನೆಯ ದಿನ, ಎಂಟನೆಯ ದಿನ, ಒಂಬತ್ತನೆಯ ದಿನ, ಕೋಶ ಇದ್ದ ಹಾಗೇ ಇತ್ತು. ಅಡುಗೆಮನೆಯಲ್ಲಿ ಅಂಗಡಿಯ ಕರಿಬೇವು ಹಾಕುತ್ತಾ ನಾನೂ ಯಾವ್ಯಾವುದೋ ದೇವರನ್ನು ಕೇಳಿಕೊಳ್ಳುತ್ತಿದ್ದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಶಾಲೆಗೆ ಹೊರಟಿದ್ದೆ. "ಸುಮೀ! ಕಪ್ಪಾಗೈತೆ, ಬಾರೇ!" ಎಂಬ ಕೂಗು. ಓಡಿದೆ. ಕೋಶ ಕಪ್ಪಗಾಗಿ, ಒಳಗೆ ಮಡಿಸಿಟ್ಟ ರೆಕ್ಕೆಯ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಶಮೀಮಳೂ ಗೋಡೆಯ ಆಚೆಯಿಂದ ಬಂದಳು. ನಾವು ಮೂವರೂ ತಲೆಗೆ ತಲೆ ತಾಗಿಸಿ ನಿಂತು ನೋಡುತ್ತಿದ್ದಂತೆ ಸಿಪ್ಪೆ ಸೀಳಿತು. ಮೊದಲು ಕಾಲು, ಆಮೇಲೆ ತಲೆ, ಆಮೇಲೆ ಒದ್ದೆ ಬಟ್ಟೆಯ ಮುದ್ದೆಯಂಥ ರೆಕ್ಕೆ. ಪೂರ್ತಿ ಹೊರಗೆ ಬಂದದ್ದೇ, ಹಿಡಿತ ಸಿಗದೆ ಜಾರಿ, ಬುಡದ ಕೆಸರಿಗೆ ಬಿತ್ತು.

ಶಮೀಮ "ಯಾ ಅಲ್ಲಾ" ಎಂದಳು. ಬುಡದಲ್ಲಿ ಇರುವೆಯ ಸಾಲಿತ್ತು. ರೆಕ್ಕೆ ಬಿಚ್ಚಿಕೊಳ್ಳಬೇಕಾದರೆ ಅದು ಎಲ್ಲಿಗಾದರೂ ಹತ್ತಿ ಜೋತಾಡಬೇಕು, ಅಷ್ಟು ಮಾತ್ರ ನನಗೆ ಪಾಠಪುಸ್ತಕದಿಂದ ಗೊತ್ತಿತ್ತು.

"ಅತ್ತೆ, ಬೆರಳು ಕೊಡಿ. ಹತ್ತಿಸಿಕೊಳ್ಳಿ."

"ನಾ ಮುಟ್ಟಾಕಿಲ್ಲ ಕಣವ್ವ. ನನ್ ಕೈ ಬ್ಯಾಡ. ನೀನೇ ಎತ್ಕೊ."

"ನನಗೆ ಹುಳ ಕಂಡರೆ ಭಯ ಅತ್ತೆ" ಎಂದೆ. ಅದು ಅರ್ಧ ಸುಳ್ಳು, ಅರ್ಧ ನಿಜ. ಶಮೀಮ ತನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, "ನನ್ನ ಕೈಯೆಲ್ಲ ಗೂಡು ಬೇಯಿಸಿದ ನೀರು. ನೀವೇ ಕೊಡೀಮ್ಮಾ, ಸಾಕಿದ್ದು ನೀವು ತಾನೇ" ಎಂದಳು.

ಅತ್ತೆ ಬೆನ್ನ ಹಿಂದಿನಿಂದ ಬಲಗೈ ತೆಗೆದರು. ಮಂಡಿ ಊರಿ ಕೂತರು. ತೋರುಬೆರಳನ್ನು ಕೆಸರಿನ ಮೇಲೆ, ಅದರ ಮುಂದೆ ಇಟ್ಟರು. ಅದು ಒಂದು ಕಾಲು ಇಟ್ಟಿತು, ಇನ್ನೊಂದು ಇಟ್ಟಿತು, ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಹತ್ತಿತು. ಅತ್ತೆಯನ್ನು ನಾವಿಬ್ಬರೂ ತೋಳು ಹಿಡಿದು ಎತ್ತಿ ನಿಲ್ಲಿಸಿದೆವು.

ಒಂದು ಗಂಟೆಗಿಂತ ಹೆಚ್ಚು ಹೊತ್ತು ಅತ್ತೆ ಹಾಗೇ ತೋಳು ಚಾಚಿ ನಿಂತರು. ಕುರ್ಚಿ ತಂದರೆ ಬೇಡವೆಂದರು, ಕೂರುವಾಗ ಅದು ಬಿದ್ದುಬಿಟ್ಟರೆ? ನಮ್ಮ ಮನೆಯವರು ಆಫೀಸಿಗೆ ಹೋಗದೆ ನಿಂತರು. ನನ್ನ ಶಾಲೆಯ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ಬೆರಳಿಗೆ ಜೋತುಬಿದ್ದ ಮುದ್ದೆ ನಿಧಾನವಾಗಿ ಬಿಚ್ಚಿಕೊಂಡು, ಕಡುಕಪ್ಪು ರೆಕ್ಕೆಯಾಯಿತು. ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಒಂದು ಸಾಲು. ಅದು ಒಮ್ಮೆ ರೆಕ್ಕೆ ತೆರೆಯಿತು, ಮುಚ್ಚಿತು. ಇನ್ನೊಮ್ಮೆ ತೆರೆಯಿತು. ಬೆರಳು ಖಾಲಿಯಾಯಿತು.

ಅದು ಬಚ್ಚಲ ಗೋಡೆಯ ಮೇಲೆ ಏರಿತು. ಶಮೀಮಳ ಶೆಡ್ಡಿನ ಹೊಗೆಯನ್ನು ಸುತ್ತುಹಾಕಿ ಇನ್ನೂ ಮೇಲೆ ಹೋಯಿತು.

"ಹಾರ್ತು ಕಣ್ರೋ! ನಂದು ಹಾರ್ತು!" ಎಂದು ಅತ್ತೆ ಕೂಗಿದ ಕೂಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು.

"ನಿಮ್ಮದೊಂದೇ ಅಲ್ಲಮ್ಮಾ, ಅರ್ಧ ನಂದು. ದಾರ ನಂದು" ಎಂದು ಶಮೀಮ ಅಳುತ್ತಾ ನಗುತ್ತಾ ಜಗಳಕ್ಕೆ ನಿಂತಳು.

"ಆಯ್ತು ಬುಡೇ, ಅರ್ಧ ನಿಂದೇ ತಗೋ."

ಗೋಂದು ನನ್ನದು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಚಿಟ್ಟೆ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಅತ್ತೆಯ ಕೈ ಮಾತ್ರ ಇನ್ನೂ ಹಾಗೇ ಮೇಲಕ್ಕೆ ಚಾಚಿಕೊಂಡೇ ಇತ್ತು.

"ಕೈ ಇಳಿಸಿ ಅತ್ತೆ, ನೋವು ಬರುತ್ತೆ" ಎಂದೆ.

"ಇರ್ಲಿ ಬುಡವ್ವ" ಎಂದರು. "ಒಸಿ ಹೊತ್ತು ಹಿಂಗೇ ಇರ್ಲಿ."